ಬೆಕ್ಕಿಗೆ ಕನ್ನಡ ಕಲಿಸೋಣ ಬನ್ನಿ

ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡ ಬರುವುದೇ ಇಲ್ಲ ಎಂದು ನಾವು ಆಗಾಗ ಕೊರಗುತ್ತೇವೆ. ಅದು ಪೂರ್ತಿ ನಿಜವಲ್ಲ. ಬರುತ್ತದೆ, ಆದರೆ ಒಂದೇ ದಿಕ್ಕಿನಲ್ಲಿ ಬರುತ್ತದೆ. ‘ಕೈ ತೊಳ್ಕೊಂಡು ಊಟಕ್ಕೆ ಬಾ’ ಎಂದರೆ ಬರುತ್ತಾರೆ. ‘ಚಪ್ಪಲಿ ಹೊರಗೆ ಬಿಡು’ ಎಂದರೆ ಬಿಡುತ್ತಾರೆ. ಊರಿನಿಂದ ಅಜ್ಜಿ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದರೂ ಅರ್ಥವಾಗುತ್ತದೆ. ಉತ್ತರ ಮಾತ್ರ ‘ಹೂಂ’, ‘ಇಲ್ಲ’, ‘ಆಯ್ತು’. ಅದಕ್ಕಿಂತ ಉದ್ದದ ವಾಕ್ಯ ಬೇಕಾದ ತಕ್ಷಣ ಪುಣೆಯ ಮಗು ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತದೆ, ಚೆನ್ನೈನ ಮಗು ತಮಿಳಿಗೆ ಹೊರಳುತ್ತದೆ.

ಇದಕ್ಕೆ ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಅವರ ದಿನಚರಿಯಲ್ಲಿ ಕನ್ನಡ ಕೇಳಿಸಿಕೊಳ್ಳುವುದಕ್ಕೆ ಇದೆ, ಕನ್ನಡದಲ್ಲಿ ಮಾಡಬೇಕಾದ ಕೆಲಸ ಒಂದೂ ಇಲ್ಲ. ಶಾಲೆಯ ಪ್ರಾಜೆಕ್ಟ್ ಇಂಗ್ಲಿಷಿನಲ್ಲಿ, ಕೆಳಗೆ ಪಾರ್ಕಿಂಗ್‌ನಲ್ಲಿ ಆಡುವ ಕ್ರಿಕೆಟ್ ಹಿಂದಿ-ಮರಾಠಿಯಲ್ಲಿ, ಕಾರ್ಟೂನ್ ಇನ್ಯಾವುದೋ ಭಾಷೆಯಲ್ಲಿ. ವರ್ಷಕ್ಕೊಮ್ಮೆ ರಾಜ್ಯೋತ್ಸವದ ವೇದಿಕೆ ಹತ್ತುತ್ತಾರೆ. ಅಲ್ಲಿ ಹೇಳುವ ನಾಲ್ಕು ಸಾಲನ್ನೂ ನಾವೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟು ಬಾಯಿಪಾಠ ಮಾಡಿಸಿರುತ್ತೇವೆ. ಏನನ್ನಾದರೂ ಕಟ್ಟಲು ಬಳಸದ ಭಾಷೆ ಮಕ್ಕಳ ನಾಲಿಗೆಯ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ.

ಹಾಗಾಗಿ ಮಕ್ಕಳ ಕೈಗೆ ಕನ್ನಡದಲ್ಲಿ ಮಾಡುವಂಥ ಒಂದು ಕೆಲಸ ಕೊಡಬೇಕು ಎನ್ನುವುದು ನನ್ನ ವಾದ. ಪುಣೆಯ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಕೆಲವು ತಿಂಗಳಿಂದ ಶನಿವಾರ ಮಧ್ಯಾಹ್ನ ನನ್ನ ಮಗಳು ಮತ್ತು ನಾಲ್ಕೈದು ಮಕ್ಕಳ ಜೊತೆ ಕುಳಿತು ಅಂಥದ್ದೊಂದು ಪ್ರಯೋಗ ಮಾಡುತ್ತಿದ್ದೇನೆ. ಸಾಧನದ ಹೆಸರು ಸ್ಕ್ರ್ಯಾಚ್. ಇಂಟರ್ನೆಟ್ ಬ್ರೌಸರ್‌ನಲ್ಲೇ ಅನಿಮೇಷನ್ ತಯಾರಿಸಿ, ಅಲ್ಲೇ ನಾಲ್ಕು ಜನರಿಗೆ ಹಂಚುವ ವ್ಯವಸ್ಥೆ ಅದರಲ್ಲಿದೆ. ಇದನ್ನು ಕೋಡಿಂಗ್ ಕಲಿಸುವ ಸಾಧನ ಎಂದೇ ಬಹಳ ಜನ ಬಲ್ಲರು. ನನಗೆ ಇದು ಕನ್ನಡ ಮಾತಾಡಿಸುವ ಸಾಧನವಾಗಿಯೂ ಕಂಡಿದೆ.

ಆಮೆಯಿಂದ ಬೆಕ್ಕಿನವರೆಗೆ

ನನ್ನ ವಯಸ್ಸಿನ ಕೆಲವರಿಗೆ ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿದ್ದ ಲೋಗೊ ಆಮೆ ನೆನಪಿರಬಹುದು. ‘ಎಫ್‌ಡಿ 50, ಆರ್‌ಟಿ 90’ ಎಂದು ನಾಲ್ಕು ಸಲ ಬರೆದರೆ ಆಮೆ ನಡೆದು ಚೌಕ ಬಿಡಿಸುತ್ತಿತ್ತು. ಆ ಲೋಗೊ ಭಾಷೆಯನ್ನು 1967ರಲ್ಲಿ ಸೆಮೂರ್ ಪ್ಯಾಪರ್ಟ್ ಮತ್ತು ಸಂಗಡಿಗರು ರೂಪಿಸಿದ್ದರು. ಕಂಪ್ಯೂಟರ್ ಮಗುವಿಗೆ ಪಾಠ ಮಾಡುವುದಕ್ಕಿಂತ ಮಗುವೇ ಕಂಪ್ಯೂಟರಿಗೆ ಹೇಳಿಕೊಡಲಿ ಎನ್ನುವುದು ಅವರ ಆಲೋಚನೆ. ಪ್ಯಾಪರ್ಟ್ ಜೊತೆ ಕೆಲಸ ಮಾಡಿದ್ದ ಮಿಚೆಲ್ ರೆಸ್ನಿಕ್ ಅವರ ತಂಡ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಅದೇ ಆಲೋಚನೆಯನ್ನು ಮುಂದುವರಿಸಿ 2007ರಲ್ಲಿ ಸ್ಕ್ರ್ಯಾಚ್ ಬಿಡುಗಡೆ ಮಾಡಿತು. ಆಮೆಯ ಜಾಗಕ್ಕೆ ಕಿತ್ತಳೆ ಬಣ್ಣದ ಬೆಕ್ಕು ಬಂತು.

2013ರ ಎರಡನೇ ಆವೃತ್ತಿಯಿಂದ ಎಲ್ಲವನ್ನೂ ಬ್ರೌಸರ್‌ನಲ್ಲೇ ತಯಾರಿಸಬಹುದಾಯಿತು. ಆಗ ಅದು ಫ್ಲ್ಯಾಶ್ ಮೇಲೆ ನಿಂತಿತ್ತು. 2019ರ ಜನವರಿಯಲ್ಲಿ ಬಂದ ಮೂರನೇ ಆವೃತ್ತಿ ಎಚ್‌ಟಿಎಂಎಲ್5ಕ್ಕೆ ಬದಲಾದ ಕಾರಣ ಟ್ಯಾಬ್ಲೆಟ್‌ನಲ್ಲೂ ನಡೆಯುತ್ತದೆ. ಈಗ ಇದನ್ನು ನೋಡಿಕೊಳ್ಳುತ್ತಿರುವುದು ಲಾಭದ ಉದ್ದೇಶವಿಲ್ಲದ ಸ್ಕ್ರ್ಯಾಚ್ ಫೌಂಡೇಶನ್. ದುಡ್ಡು ಕೊಡಬೇಕಿಲ್ಲ, ಜಾಹೀರಾತೂ ಇಲ್ಲ. ಮುಖ್ಯವಾಗಿ 8ರಿಂದ 16 ವರ್ಷದವರಿಗೆಂದು ಮಾಡಿದ್ದು. ನೋಂದಾಯಿಸಿಕೊಂಡವರ ಸಂಖ್ಯೆ ಜಗತ್ತಿನಲ್ಲಿ 10 ಕೋಟಿ ದಾಟಿದೆ.

ಕೆಲಸ ಮಾಡುವ ರೀತಿ ನಮ್ಮ ತೊಗಲುಗೊಂಬೆಯಾಟ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಪರದೆಯ ಬಲಗಡೆ ಒಂದು ರಂಗಸ್ಥಳವಿದೆ: 480 ಬಿಂದು ಅಗಲ, 360 ಬಿಂದು ಎತ್ತರ. ಅದರ ಮೇಲೆ ಗೊಂಬೆಗಳು. ಒಂದೊಂದು ಗೊಂಬೆಗೂ ಹಲವು ವೇಷ. ಬೆಕ್ಕಿಗೆ ಮೊದಲೇ ಎರಡು ವೇಷ ಕೊಟ್ಟಿರುತ್ತಾರೆ, ಎರಡರಲ್ಲೂ ಕಾಲಿನ ಭಂಗಿ ಬೇರೆ. ವೇಷ ಬದಲಿಸುತ್ತ ಹತ್ತತ್ತು ಹೆಜ್ಜೆ ಮುಂದೆ ಸರಿಸಿದರೆ ಬೆಕ್ಕು ನಡೆದಂತೆ ಕಾಣುತ್ತದೆ. ಈ ಸೂಚನೆಗಳನ್ನು ಕೀಬೋರ್ಡಿನಲ್ಲಿ ಬರೆಯಬೇಕಿಲ್ಲ. ಚಲನೆಗೆ ನೀಲಿ, ವೇಷಕ್ಕೆ ನೇರಳೆ, ಘಟನೆಗೆ ಹಳದಿ, ಹೀಗೆ ಬಣ್ಣಬಣ್ಣದ ತುಂಡುಗಳಿವೆ. ಎಳೆದು ತಂದು ಒಂದರ ಕೆಳಗೊಂದು ಜೋಡಿಸಿದರೆ ಕಚ್ಚಿಕೊಳ್ಳುತ್ತವೆ. ಹಸಿರು ಬಾವುಟ ಒತ್ತಿದರೆ ಆಟ ಶುರು.

ಕಾಗಕ್ಕನ ಕಥೆಯಲ್ಲಿ ಅಡಗಿದ್ದ ಲೂಪ್

ಶುರುವಿನಲ್ಲಿ ಮಕ್ಕಳು ಮಾಡಿದ್ದು ಬೆಕ್ಕು ಇಲಿ ಹಿಡಿಯುವ ಆಟ, ರಾಕೆಟ್ ಹಾರಿಸುವ ಆಟ. ಅದರಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಮೂರನೇ ಶನಿವಾರ, ಇನ್ನು ಕಥೆ ಮಾಡೋಣ, ಕಥೆ ಅಜ್ಜಿಯಿಂದ ಕೇಳಿಕೊಂಡು ಬನ್ನಿ ಎಂದೆ. ಮಗಳು ಶಿವಮೊಗ್ಗದಲ್ಲಿರುವ ಅಜ್ಜಿಗೆ ಫೋನ್ ಮಾಡಿ ತಂದದ್ದು ಕಾಗಕ್ಕ-ಗುಬ್ಬಕ್ಕನ ಕಥೆ. ನಿಮಗೆಲ್ಲ ಗೊತ್ತಿರುವುದೇ. ಕಾಗಕ್ಕನ ಮನೆ ಸಗಣಿಯದು, ಗುಬ್ಬಕ್ಕನ ಮನೆ ಕಲ್ಲಿನದು. ಜೋರು ಮಳೆ ಬಂದು ಸಗಣಿಯ ಮನೆ ಕೊಚ್ಚಿಹೋಗುತ್ತದೆ. ಕಾಗಕ್ಕ ಬಂದು ಬಾಗಿಲು ತಟ್ಟುತ್ತದೆ. ಗುಬ್ಬಕ್ಕ ಒಳಗಿಂದಲೇ ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ ಎನ್ನುತ್ತದೆ. ಮತ್ತೆ ತಟ್ಟಿದರೆ ಬಟ್ಟೆ ಹಾಕುತ್ತಿದ್ದೇನೆ, ಇನ್ನೊಮ್ಮೆ ತಟ್ಟಿದರೆ ಮಲಗಿಸುತ್ತಿದ್ದೇನೆ.

ಜನಪದ ಕಥೆಗಳಲ್ಲಿ ಹೀಗೆ ಒಂದೇ ಸಂಗತಿ ಮೂರು ಸಲ, ಏಳು ಸಲ ಮರುಕಳಿಸುವುದು ಹೇಳುವವರ ನೆನಪಿಗೂ ಕೇಳುವವರ ಕುತೂಹಲಕ್ಕೂ ಅನುಕೂಲ. ನಮ್ಮ ವೃತ್ತಿಯಲ್ಲಿ ಇದಕ್ಕೆ ಲೂಪ್ ಎನ್ನುತ್ತೇವೆ. ಕಾಗಕ್ಕ ತಟ್ಟುವುದು, ಗುಬ್ಬಕ್ಕ ನೆಪ ಹೇಳುವುದು, ಇದಿಷ್ಟನ್ನು ಒಂದು ಕಿತ್ತಳೆ ತುಂಡಿನ ಒಳಗೆ ಸೇರಿಸಿ ಮೂರು ಎಂದು ಬರೆದರೆ ಮೂರು ಸಲ ನಡೆಯುತ್ತದೆ. ಎಷ್ಟನೇ ಸಲ ತಟ್ಟಿದ್ದು ಎಂದು ಎಣಿಸಲು ಒಂದು ಡಬ್ಬಿ ಬೇಕು, ಅದು ವೇರಿಯಬಲ್. ಎಣಿಕೆ ಒಂದಾದರೆ ಸ್ನಾನದ ನೆಪ, ಎರಡಾದರೆ ಬಟ್ಟೆಯ ನೆಪ. ಒಂಬತ್ತು ವರ್ಷದ ಮಕ್ಕಳಿಗೆ ಇದು ಪಾಠ ಎಂದು ಅನ್ನಿಸಲೇ ಇಲ್ಲ. ಕಥೆ ಹಾಗಿದೆ, ಆದ್ದರಿಂದ ತುಂಡುಗಳೂ ಹಾಗೆ ಕೂರಬೇಕು, ಅಷ್ಟೇ.

ಮೊದಲ ಸಲ ಓಡಿಸಿದಾಗ ಕಾಗಕ್ಕ, ಗುಬ್ಬಕ್ಕ ಇಬ್ಬರೂ ಒಟ್ಟಿಗೆ ಮಾತಾಡಿದರು. ‘ಅಪ್ಪ, ನಮ್ಮನೇಲಿ ಇದೇ ಥರಾನೇ ಅಲ್ವಾ’ ಎಂದಳು ಮಗಳು. ಸ್ಕ್ರ್ಯಾಚ್‌ನಲ್ಲಿ ಧ್ವನಿ ನುಡಿಸಲು ಎರಡು ತುಂಡುಗಳಿವೆ. ಒಂದು ಧ್ವನಿ ಶುರು ಮಾಡಿ ಮುಂದಕ್ಕೆ ಹೋಗಿಬಿಡುತ್ತದೆ. ಇನ್ನೊಂದು ಧ್ವನಿ ಮುಗಿಯುವವರೆಗೆ ಕಾಯುತ್ತದೆ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರಿಗೆ ಸಂದೇಶ ಕಳಿಸುವ ತುಂಡೂ ಇದೆ. ಇವನ್ನು ಬಳಸಿ ಸಂಭಾಷಣೆಯನ್ನು ಸರದಿಯಲ್ಲಿ ನಿಲ್ಲಿಸುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು.

ಯಂತ್ರಕ್ಕೆ ಬಾರದ ಕನ್ನಡ

ಬರೆದ ಮಾತನ್ನು ತಾನೇ ಓದಿ ಹೇಳುವ ಸೌಲಭ್ಯವೂ ಸ್ಕ್ರ್ಯಾಚ್‌ನಲ್ಲಿದೆ. ಅದರ ಭಾಷೆಗಳಲ್ಲಿ ಹಿಂದಿ ಇದೆ, ಕನ್ನಡ ನನಗೆ ಸಿಗಲಿಲ್ಲ. ನಮ್ಮ ಕೆಲಸಕ್ಕೆ ಈ ಕೊರತೆಯೇ ಅನುಕೂಲವಾಯಿತು. ಯಂತ್ರಕ್ಕೆ ಬಾರದಿದ್ದರೆ ಮಕ್ಕಳೇ ಹೇಳಬೇಕಲ್ಲ. ಲ್ಯಾಪ್‌ಟಾಪ್‌ನ ಮೈಕ್ ಮುಂದೆ ಕುಳಿತು ‘ಗುಬ್ಬಕ್ಕಾ ಗುಬ್ಬಕ್ಕಾ, ಮಳೆ ಬರ್ತಿದೆ, ಬಾಗಿಲು ತೆಗಿ’ ಎಂದು ಹೇಳಿ ರೆಕಾರ್ಡ್ ಮಾಡಿದರು.

ಕೇಳಿದರೆ ‘ಮಳೆ’ ಎನ್ನುವುದು ‘ಮಲೆ’ ಆಗಿತ್ತು. ಇದೇ ಮಾತನ್ನು ನಾವು ಊಟದ ಮೇಜಿನ ಮೇಲೆ ತಿದ್ದಿದ್ದರೆ ಮುಖ ಊದಿಕೊಳ್ಳುತ್ತಿತ್ತು. ಇಲ್ಲಿ ತನ್ನ ಧ್ವನಿಯನ್ನು ತಾನೇ ಕೇಳಿ, ಸರಿಯಿಲ್ಲ ಎಂದು ಮಗಳೇ ಅಳಿಸಿದಳು. ಹತ್ತು ಸಲವಾದರೂ ಹೇಳಿರಬೇಕು. ಕೊನೆಗೆ ಸಹಾಯಕ್ಕೆ ಬಂದವನು ಪಕ್ಕದ ಫ್ಲ್ಯಾಟ್‌ನ ಮರಾಠಿ ಹುಡುಗ. ಮರಾಠಿಯಲ್ಲೂ ಳಕಾರ ಇದೆಯಲ್ಲ. ‘ಬಾಳ’ ಅನ್ನುವಾಗ ನಾಲಿಗೆ ಹೇಗೆ ಮಡಚುತ್ತೀಯೋ ಹಾಗೇ ಮಡಚು ಎಂದು ಅವನು ತೋರಿಸಿಕೊಟ್ಟ. ಒಂದು ಕನ್ನಡ ಅಕ್ಷರಕ್ಕಾಗಿ ಒಬ್ಬ ಎಂಟು ವರ್ಷದವಳು ಅರ್ಧ ಗಂಟೆ ತಾನಾಗಿ ದುಡಿದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಗುಬ್ಬಕ್ಕನ ಮಾತನ್ನು ಅಜ್ಜಿಯೇ ಹೇಳಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ಆ ಧ್ವನಿಯನ್ನು ಕಡತ ಮಾಡಿ ಗೊಂಬೆಗೆ ಜೋಡಿಸಿದೆವು. ಒಂದು ಜಗಳವೂ ಆಯಿತು. ಮಕ್ಕಳಿಗೆ ಗುಬ್ಬಕ್ಕನ ಮೇಲೆ ಸಿಟ್ಟು. ಹೊರಗೆ ಮಳೆಯಲ್ಲಿ ನೆನೆಯುತ್ತಿರುವವರಿಗೆ ಬಾಗಿಲು ತೆಗೆಯದೆ ನೆಪ ಹೇಳುವುದು ಎಂಥ ನ್ಯಾಯ? ಮೊದಲ ಸಲ ತಟ್ಟಿದಾಗಲೇ ಬಾಗಿಲು ತೆಗೆಯುವಂತೆ ಬದಲಿಸಿದರು. ಅಜ್ಜಿಗೆ ತೋರಿಸಿದಾಗ, ‘ಹಂಗಾದ್ರೆ ಕಥೆ ಎಲ್ಲಿ ಉಳೀತು?’ ಎಂದು ನಕ್ಕರು. ಆ ವಾದ ಫೋನಿನಲ್ಲಿ ಇಪ್ಪತ್ತು ನಿಮಿಷ ನಡೆಯಿತು, ಪೂರ್ತಿ ಕನ್ನಡದಲ್ಲಿ. ‘ಹೂಂ’, ‘ಆಯ್ತು’ ಎನ್ನುವ ಉತ್ತರಗಳಿಂದ ವಾದ ಮಾಡಲಾಗುವುದಿಲ್ಲ.

ಹಂಚಿದಾಗ ಆಗುವುದು

ಇಷ್ಟನ್ನು ಮನೆಯೊಳಗೇ ಮಾಡಿ ಮುಗಿಸಬಹುದು. ಸ್ಕ್ರ್ಯಾಚ್‌ನ ನಿಜವಾದ ಬಲ ಇರುವುದು ಹಂಚುವುದರಲ್ಲಿ. ಹಳೆಯ ಹಾಡುಗಳ ರೆಕಾರ್ಡುಗಳನ್ನು ಕೈಯಲ್ಲಿ ತಿರುಗಿಸಿ ಬೆರೆಸುವ ಡಿಜೆಗಳ ಕಲೆಯಿಂದಲೇ ಆ ಹೆಸರು ಬಂದದ್ದು. ಯಾರೇ ಹಂಚಿದ ಪ್ರಾಜೆಕ್ಟ್ ತೆರೆದರೂ ‘ಒಳಗೆ ನೋಡಿ’ ಎನ್ನುವ ಗುಂಡಿ ಇರುತ್ತದೆ. ಒತ್ತಿದರೆ ಎಲ್ಲ ತುಂಡುಗಳೂ ಕಾಣುತ್ತವೆ. ‘ರೀಮಿಕ್ಸ್’ ಒತ್ತಿದರೆ ಅದರ ಪ್ರತಿ ನಿಮ್ಮದಾಗುತ್ತದೆ, ಬೇಕಾದಂತೆ ಬದಲಿಸಬಹುದು. ಮೂಲದವರ ಹೆಸರು ತಾನಾಗಿ ಮೇಲೆ ಕಾಣಿಸಿಕೊಳ್ಳುತ್ತದೆ. ಹಂಚಿದ್ದೆಲ್ಲವೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇರುತ್ತದೆ. ಮೂಲದವರ ಹೆಸರು ಹೇಳಿ ಬಳಸಿ, ನೀವು ಮಾಡಿದ್ದನ್ನೂ ಹಾಗೇ ಹಂಚಿ ಎನ್ನುವುದು ಅದರ ಸಾರ.

ಮರಾಠಿ ಹುಡುಗ ಮಗಳ ಪ್ರಾಜೆಕ್ಟನ್ನು ರೀಮಿಕ್ಸ್ ಮಾಡಿದ. ಈ ಕಥೆ ಮರಾಠಿಯಲ್ಲೂ ಇದೆ. ಅಲ್ಲಿ ಕಾಗೆಯ ಮನೆ ಸಗಣಿಯದೇ, ಗುಬ್ಬಿಯ ಮನೆ ಮಾತ್ರ ಮೇಣದ್ದು. ಅವನು ಕಲ್ಲಿನ ಮನೆ ಅಳಿಸಿ ಹಳದಿ ಮೇಣದ ಮನೆ ಬಿಡಿಸಿ, ತನ್ನ ಅಜ್ಜಿಯ ಧ್ವನಿ ಸೇರಿಸಿದ. ಧಾರವಾಡದ ಕಡೆಯ ಮನೆಯ ಹುಡುಗಿ ಇನ್ನೊಂದು ಮಾಡಿದಳು. ಅವಳ ಗುಬ್ಬಕ್ಕ ‘ತಡಿಯವಾ, ಕೂಸಿಗೆ ಎರಿಯಾಕತ್ತೀನಿ’ ಎನ್ನುತ್ತಾಳೆ. ಮಂಡ್ಯದ ಸ್ನೇಹಿತರ ಮನೆಯ ಗುಬ್ಬಕ್ಕ ‘ತಡಿ ಕಣಕ್ಕ, ಮಗೀಗೆ ನೀರ್ ಹುಯ್ತಾ ಇವ್ನಿ’ ಎನ್ನುತ್ತಾಳೆ. ಮಕ್ಕಳು ಮೂರನ್ನೂ ಸಾಲಾಗಿ ಹಾಕಿ ನಗುತ್ತ ಕುಳಿತಿದ್ದರು. ಮೂರೂ ಕನ್ನಡವೇ ಎಂದು ಅವರಿಗೆ ನಾವು ವಿವರಿಸಬೇಕಾಗಲಿಲ್ಲ. ಜನಪದ ಕಥೆಗಳನ್ನು ಸಂಗ್ರಹಿಸಿದ ಎ.ಕೆ. ರಾಮಾನುಜನ್ ಅವರಂಥವರು ಒಂದೇ ಕಥೆ ಊರಿಂದೂರಿಗೆ ಹೇಗೆ ಬದಲಾಗುತ್ತದೆ ಎಂದು ತೋರಿಸಿಕೊಟ್ಟಿದ್ದಾರೆ. ನಮ್ಮ ಅಜ್ಜಿಯರು ರೀಮಿಕ್ಸ್ ಗುಂಡಿ ಇಲ್ಲದೆಯೇ ಅದನ್ನು ಮಾಡುತ್ತ ಬಂದವರು.

‘ಅವನು ನಂದು ಕಾಪಿ ಹೊಡೆದ’ ಎನ್ನುವ ದೂರೂ ಬಂತು. ಸ್ಕ್ರ್ಯಾಚ್‌ನ ಸಮುದಾಯದಲ್ಲೂ ಇದು ಹಳೆಯ ತಕರಾರು. ಅದರ ಜಾಲತಾಣವನ್ನು ರೂಪಿಸಿದ ಆಂಡ್ರೆಸ್ ಮೊನ್ರಾಯ್-ಹರ್ನಾಂಡೆಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸೊಗಸಾದ ಸಂಗತಿ ಹೇಳುತ್ತದೆ. ಮೂಲದವರ ಹೆಸರನ್ನು ಯಂತ್ರ ತಾನಾಗಿ ತೋರಿಸಿದರೆ ಮಕ್ಕಳಿಗೆ ಅಷ್ಟು ಸಮಾಧಾನವಾಗುವುದಿಲ್ಲ. ಬದಲಿಸಿದವರು ತಾವೇ ಬರೆದು ಕೃತಜ್ಞತೆ ಹೇಳಿದರೆ ಅದಕ್ಕೆ ಬೆಲೆ ಹೆಚ್ಚು. ನಮ್ಮಲ್ಲೂ ಹಾಗೇ ಮಾಡಿದೆವು. ವಿವರಣೆಯ ಜಾಗದಲ್ಲಿ ಹುಡುಗ ‘ಕಥೆ ಕೊಟ್ಟವರು ಶಿವಮೊಗ್ಗದ ಅಜ್ಜಿ’ ಎಂದು ಬರೆದ. ದೂರು ನಿಂತಿತು.

ಪಟ್ಟಿಯಲ್ಲಿ ನಾವು ಕಾಣುವುದಿಲ್ಲ

ಈಗ ಬೇಸರದ ಮಾತು. ಸ್ಕ್ರ್ಯಾಚ್‌ನ ತುಂಡುಗಳ ಮೇಲಿನ ಬರಹವನ್ನು ಹತ್ತಾರು ಭಾಷೆಗಳಿಗೆ ಬದಲಿಸಿಕೊಳ್ಳಬಹುದು. ನಾನು ನೋಡಿದಾಗ ಆ ಪಟ್ಟಿಯಲ್ಲಿ ಹಿಂದಿ ಇತ್ತು, ಒಡಿಯಾ ಇತ್ತು. ಹತ್ತು ಲಕ್ಷ ಜನರೂ ಮಾತಾಡದ ವೆಲ್ಶ್ ಭಾಷೆ ಇತ್ತು, ನ್ಯೂಜಿಲೆಂಡ್‌ನ ಮಾವೊರಿ ಇತ್ತು. ಕನ್ನಡ ಇರಲಿಲ್ಲ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಗೊಂಬೆಯ ಬಾಯಿಂದ ಹೊರಡುವ ಗುಳ್ಳೆಯೊಳಗೆ ಕನ್ನಡ ಅಕ್ಷರ ಬರೆದರೆ ಚೆನ್ನಾಗಿಯೇ ಮೂಡುತ್ತದೆ. ಆದರೆ ಸೂಚನೆಗಳೆಲ್ಲ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತವೆ. ಚಿತ್ರ ಬಿಡಿಸುವ ಜಾಗದ ಅಕ್ಷರಶೈಲಿಗಳಲ್ಲಿ ಚೀನಿ, ಜಪಾನಿ, ಕೊರಿಯನ್‌ಗೆ ಪ್ರತ್ಯೇಕ ಆಯ್ಕೆಗಳಿವೆ, ನಮಗಿಲ್ಲ.

ಇದಕ್ಕೆ ಎಂಐಟಿಯವರನ್ನು ದೂರುವುದು ಸರಿಯಲ್ಲ. ಈ ಅನುವಾದಗಳನ್ನು ಮಾಡುವವರು ಆಯಾ ಭಾಷೆಯ ಸ್ವಯಂಸೇವಕರು. ಒಡಿಯಾದವರು ಕುಳಿತು ಮಾಡಿದರು, ಅವರ ಮಕ್ಕಳಿಗೆ ಸಿಕ್ಕಿತು. ಹೊರನಾಡಿನಲ್ಲಿರುವ ಕನ್ನಡಿಗರಲ್ಲಿ ಸಾಫ್ಟ್‌ವೇರ್ ಕೆಲಸದವರು ಎಷ್ಟು ಜನ ಎಂದು ಯಾವುದೇ ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪು ನೋಡಿದರೆ ತಿಳಿಯುತ್ತದೆ. ಕನ್ನಡ ವಿಕಿಪೀಡಿಯ ಬೆಳೆದದ್ದು ಇಂಥ ಬಿಡುವಿನ ವೇಳೆಯ ದುಡಿಮೆಯಿಂದಲೇ. ಸ್ಕ್ರ್ಯಾಚ್ ಅನುವಾದಕ್ಕೆ ಬೇಕಾದದ್ದು ಕೆಲವು ಜನ, ಕೆಲವು ವಾರಾಂತ್ಯ, ಮತ್ತು ಒಂದಿಷ್ಟು ಭಾಷೆಯ ವಿವೇಕ.

ವಿವೇಕ ಯಾಕೆಂದರೆ, ಈ ಅನುವಾದ ನಿಘಂಟು ನೋಡಿ ಮಾಡುವಂಥದ್ದಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನ ತುಂಡಿನಲ್ಲಿ ‘ಚಲಿಸು’ ಮೊದಲು, ಸಂಖ್ಯೆ ಆಮೇಲೆ. ಕನ್ನಡದಲ್ಲಿ ಸಂಖ್ಯೆಯ ಖಾಲಿ ಜಾಗ ಮುಂದೆ ಬಂದು ‘10 ಹೆಜ್ಜೆ ನಡಿ’ ಎಂದಾಗಬೇಕು. ‘ಇಫ್... ದೆನ್’ ಅನ್ನು ‘ಒಂದು ವೇಳೆ... ಆಗ’ ಎಂದು ಮಾಡಿದರೆ ಅದು ಸರ್ಕಾರಿ ಸುತ್ತೋಲೆ. ಷರತ್ತಿನ ಜಾಗ ಮೊದಲಿಟ್ಟು ‘ಆದರೆ’ ಎಂದರೆ ಮುಗಿಯಿತು. ಮರುಕಳಿಸುವ ತುಂಡಿಗೆ ‘ಪುನರಾವರ್ತಿಸು’ ಎಂದು ಬರೆದರೆ ನನ್ನ ಮಗಳು ಮತ್ತೆ ಇಂಗ್ಲಿಷಿಗೆ ಹೋಗುತ್ತಾಳೆ. ‘3 ಸಲ ಮಾಡು’ ಸಾಕು. ‘ಒಂದು ಸೆಕೆಂಡ್ ಕಾಯಿ’ ಎಂದರೆ ಮಕ್ಕಳಿಗೆ ಮಾವಿನಕಾಯಿ ನೆನಪಾಗುತ್ತದೆ, ‘ತಡಿ’ ವಾಸಿ. ಎಲ್ಲ ಗೊಂಬೆಗಳಿಗೂ ಒಟ್ಟಿಗೆ ಸಂದೇಶ ಸಾರುವ ತುಂಡಿಗೆ ‘ಪ್ರಸಾರ’ ಎನ್ನುವ ಆಕಾಶವಾಣಿಯ ಪದ ಇದೆ. ನಮ್ಮ ಮಕ್ಕಳ ಗುಂಪಿಗೆ ನಾನು ಅದನ್ನು ‘ಡಂಗುರ’ ಎಂದು ಹೇಳಿಕೊಟ್ಟಿದ್ದೇನೆ. ಡಂಗುರ ಹೊಡೆದರೆ ಯಾರಿಗೆ ಸಂಬಂಧವೋ ಅವರು ಎದ್ದು ಬರುತ್ತಾರೆ, ಉಳಿದವರು ತಮ್ಮ ಪಾಡಿಗೆ ಇರುತ್ತಾರೆ. ಆ ತುಂಡು ಮಾಡುವ ಕೆಲಸವೂ ನಿಖರವಾಗಿ ಅದೇ.

ಕೇಳಿಬರುವ ಆಕ್ಷೇಪಗಳು

ಮಕ್ಕಳಿಗೆ ಇನ್ನೊಂದು ಪರದೆ ಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾವು ವಾರಕ್ಕೆ ಎರಡು ಗಂಟೆ ಎಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಅದರಲ್ಲೂ ಅರ್ಧ ಸಮಯ ಕಾಗದದ ಮೇಲೆ ಚಿತ್ರ ಬಿಡಿಸಲು, ಯಾರು ಯಾವ ಮಾತು ಹೇಳಬೇಕೆಂದು ಜಗಳವಾಡಲು ಹೋಗುತ್ತದೆ. ಒಬ್ಬರೇ ಕುಳಿತು ವಿಡಿಯೊ ನೋಡುವುದಕ್ಕೂ ನಾಲ್ಕು ಜನ ಸೇರಿ ಏನನ್ನೋ ಮಾಡುವುದಕ್ಕೂ ವ್ಯತ್ಯಾಸವಿದೆ.

ಒಂದು ಸಾಲು ಬರೆದರೆ ಎಐ ಪೂರ್ತಿ ಕಾರ್ಟೂನ್ ಮಾಡಿಕೊಡುವಾಗ ಈ ತುಂಡು ಜೋಡಿಸುವ ಕಷ್ಟ ಯಾಕೆ ಎನ್ನುವುದು ಇನ್ನೊಂದು ಪ್ರಶ್ನೆ. ಆಫೀಸಿನಲ್ಲಿ ನಾನೂ ದಿನವೂ ಎಐ ಬಳಸುತ್ತೇನೆ. ಆದರೆ ಇಲ್ಲಿ ನಮಗೆ ಬೇಕಾಗಿರುವುದು ಕಾರ್ಟೂನ್ ಅಲ್ಲವಲ್ಲ. ಮಗು ಅಜ್ಜಿಯನ್ನು ಕೇಳಬೇಕು, ಪದ ಆರಿಸಬೇಕು, ಳಕಾರಕ್ಕೆ ನಾಲಿಗೆ ಮಡಚಬೇಕು. ಎಐ ಬಿಟ್ಟುಕೊಡುವ ಕಷ್ಟವೆಲ್ಲ ಮಗು ಮಾಡಲೇಬೇಕಾದ ಕೆಲಸ.

ಕೋಡಿಂಗ್ ಕ್ಲಾಸುಗಳ ವಿಷಯ ಬೇರೆ. ಆರು ವರ್ಷದ ಮಗುವನ್ನು ಈಗಲೇ ಸೇರಿಸದಿದ್ದರೆ ಹಿಂದುಳಿದುಬಿಡುತ್ತದೆ ಎಂದು ಹೆದರಿಸುವ ಕರೆಗಳು ನಮ್ಮೆಲ್ಲರಿಗೂ ಬರುತ್ತವೆ. ಸಾವಿರಾರು ರೂಪಾಯಿ ಕೊಟ್ಟು ಕೆಲವೆಡೆ ಕಲಿಸುವುದು ಉಚಿತವಾಗಿ ಸಿಗುವ ಇದೇ ಸ್ಕ್ರ್ಯಾಚ್. ಎಂಟೆಕ್ ಮಾಡಿ ಹತ್ತು ವರ್ಷ ಕೋಡ್ ಬರೆದು ಬದುಕುತ್ತಿರುವವನಾಗಿ ಹೇಳುತ್ತೇನೆ, ನನ್ನ ಮಗಳು ಎಂಜಿನಿಯರ್ ಆಗಲಿ ಎಂದು ನಾನು ಅವಳನ್ನು ಬೆಕ್ಕಿನ ಮುಂದೆ ಕೂರಿಸಿಲ್ಲ. ದುಡ್ಡು ಉಳಿಸಿಕೊಳ್ಳಿ. ಜೊತೆಗೆ ಕುಳಿತುಕೊಳ್ಳುವ ಸಮಯ ಕೊಡಿ. ನಿಮಗೆ ಕೋಡಿಂಗ್ ಬಾರದಿದ್ದರೆ ಇನ್ನೂ ಒಳ್ಳೆಯದು, ಮಗುವೇ ನಿಮಗೆ ಕನ್ನಡದಲ್ಲಿ ವಿವರಿಸಬೇಕಾಗುತ್ತದೆ.

ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ತಯಾರಿಸಲು ಖಾತೆ ಬೇಡ, ಹಂಚಲು ಮಾತ್ರ ಬೇಕು. ಚಿಕ್ಕ ಮಕ್ಕಳಾದರೆ ತಂದೆ-ತಾಯಿಯ ಇಮೇಲ್ ಕೊಡಿ. ಖಾತೆಯ ಹೆಸರಲ್ಲಿ ಮಗುವಿನ ನಿಜ ಹೆಸರು, ಶಾಲೆ, ಬಡಾವಣೆ ಯಾವುದೂ ಬೇಡ, ಫೋಟೊ ಹಾಕಬೇಡಿ. ಖಾಸಗಿಯಾಗಿ ಸಂದೇಶ ಕಳಿಸುವ ವ್ಯವಸ್ಥೆ ಅಲ್ಲಿಲ್ಲ, ಪ್ರತಿಕ್ರಿಯೆಗಳು ಎಲ್ಲರಿಗೂ ಕಾಣುವಂಥವು. ಬೇಡವೆಂದರೆ ಪ್ರಾಜೆಕ್ಟಿನ ಪ್ರತಿಕ್ರಿಯೆಯನ್ನು ಮುಚ್ಚಬಹುದು. ಒಮ್ಮೆ ಹಂಚಿದ್ದನ್ನು ಬೇರೆಯವರು ರೀಮಿಕ್ಸ್ ಮಾಡಿದರೆ ನೀವು ಅಳಿಸಿದ ಮೇಲೂ ಅವರ ಪ್ರತಿ ಉಳಿಯುತ್ತದೆ. ಹಾಗಾಗಿ ಅಜ್ಜಿಯ ಧ್ವನಿ ಹಾಕುವ ಮೊದಲು, ಇದು ಊರಿನವರೆಲ್ಲ ಕೇಳುವ ಜಾಗ ಎಂದು ಅವರಿಗೆ ತಿಳಿಸಿ ಒಪ್ಪಿಗೆ ಕೇಳಿ. ಮೊಬೈಲಿನ ಪುಟ್ಟ ಪರದೆಯಲ್ಲಿ ತಯಾರಿಸುವುದು ಕಷ್ಟ, ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ಇರಲಿ. ಇಂಟರ್ನೆಟ್ ಇಲ್ಲದೆಯೂ ನಡೆಯುವ ಆ್ಯಪ್ ಸಿಗುತ್ತದೆ.

ಸಂಘಗಳಿಗೆ ಒಂದು ಮನವಿ

ನಮಗಿಂತ ಮೊದಲು ಊರು ಬಿಟ್ಟವರು ಮಕ್ಕಳ ಕನ್ನಡಕ್ಕಾಗಿ ಶಾಲೆಗಳನ್ನೇ ಕಟ್ಟಿದರು. ಮುಂಬೈನ ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ, ಹೈದರಾಬಾದಿನ ಕಾಚಿಗುಡದಲ್ಲಿ ನೃಪತುಂಗ ಶಾಲೆ, ದೆಹಲಿಯ ಲೋಧಿ ಎಸ್ಟೇಟ್‌ನಲ್ಲಿ ಕನ್ನಡ ಶಾಲೆ ಅವರ ದುಡಿಮೆಯ ಫಲ. ನಮ್ಮ ತಲೆಮಾರು ಮೂರು ವರ್ಷಕ್ಕೊಮ್ಮೆ ಕೆಲಸ, ಐದು ವರ್ಷಕ್ಕೊಮ್ಮೆ ಊರು ಬದಲಿಸುತ್ತದೆ. ಶಾಲೆ ಕಟ್ಟುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಒಂದು ಭಾನುವಾರ ಕೊಡುವ ಶಕ್ತಿ ಎಲ್ಲರಿಗೂ ಇದೆ.

ಸ್ಕ್ರ್ಯಾಚ್‌ನಲ್ಲಿ ‘ಸ್ಟುಡಿಯೊ’ ಎನ್ನುವ ಸೌಲಭ್ಯವಿದೆ. ಬೇರೆಬೇರೆಯವರ ಪ್ರಾಜೆಕ್ಟುಗಳನ್ನು ಒಂದೆಡೆ ಜೋಡಿಸಿಡುವ ಕಪಾಟು ಅದು. ಹೊರನಾಡ ಮಕ್ಕಳ ಕನ್ನಡ ಕಥೆಗಳಿಗೆ ಅಂಥದ್ದೊಂದು ಕಪಾಟು ಬೇಕು. ಪುಣೆಯ ಮಗು ಇಟ್ಟ ಕಥೆಯನ್ನು ಚೆನ್ನೈನ ಮಗು ತನ್ನ ಅಜ್ಜಿಯ ಕನ್ನಡದಲ್ಲಿ ಬದಲಿಸಲಿ, ಅದನ್ನು ದೆಹಲಿಯ ಮಗು ಮುಂದುವರಿಸಲಿ. ಸಂಘದ ಸಭಾಂಗಣ, ಐದು ಲ್ಯಾಪ್‌ಟಾಪ್, ಹತ್ತು ಮಕ್ಕಳು, ಕಥೆ ಬಲ್ಲ ಒಬ್ಬ ಅಜ್ಜಿ ಅಥವಾ ಅಜ್ಜ ಇದ್ದರೆ ಮೂರು ಗಂಟೆಯಲ್ಲಿ ಒಂದು ಕಥೆ ನಿಲ್ಲುತ್ತದೆ. ಮುಂದಿನ ರಾಜ್ಯೋತ್ಸವಕ್ಕೆ ಬಾಯಿಪಾಠದ ಭಾಷಣದ ಜೊತೆ ಮಕ್ಕಳು ಮಾಡಿದ ಈ ಕಥೆಗಳನ್ನೂ ಪರದೆ ಮೇಲೆ ತೋರಿಸಿ. ಅನುವಾದದ ಕೆಲಸಕ್ಕೆ ಕೈ ಜೋಡಿಸುವ ಎಂಜಿನಿಯರುಗಳನ್ನೂ, ಅವರ ಭಾಷೆ ತಿದ್ದುವ ನಿವೃತ್ತ ಮೇಷ್ಟ್ರುಗಳನ್ನೂ ಹುಡುಕಲು ಅದೇ ಸಭೆ ಸಾಕು.

ಇದರಿಂದ ನಮ್ಮ ಮಕ್ಕಳು ಕನ್ನಡ ಪಂಡಿತರಾಗುತ್ತಾರೆ ಎಂದು ನಾನು ಹೇಳುವುದಿಲ್ಲ. ನನ್ನ ಮಗಳು ಈಗಲೂ ತಂಟೆ ಮಾಡುವುದು ಹಿಂದಿಯಲ್ಲಿ, ಲೆಕ್ಕ ಮಾಡುವುದು ಇಂಗ್ಲಿಷಿನಲ್ಲಿ. ಆದರೆ ಕಳೆದ ವಾರ ಅವಳೇ ಫೋನ್ ಎತ್ತಿಕೊಂಡು, ‘ಅಜ್ಜಿ, ಇನ್ನೊಂದು ಕಥೆ ಹೇಳಿ, ಮಾತು ಜಾಸ್ತಿ ಇರ್ಬೇಕು’ ಎಂದಳು. ಇದೇ ಭಾನುವಾರ ನೀವೂ ಊರಿಗೆ ಫೋನ್ ಮಾಡಿದಾಗ ಮೊದಲು ಮಗುವಿನ ಕೈಗೆ ಕೊಟ್ಟು ಒಂದು ಕಥೆ ಕೇಳಿಸಿ. ರೆಕಾರ್ಡ್ ಮಾಡಿಕೊಳ್ಳುವುದನ್ನು ಮರೆಯಬೇಡಿ. ಬೆಕ್ಕು, ಕಾಗೆ, ಗುಬ್ಬಿ ಎಲ್ಲವೂ ಬ್ರೌಸರ್‌ನಲ್ಲಿ ಸಿಗುತ್ತವೆ, ಆ ಧ್ವನಿ ಊರಿನಿಂದಲೇ ಬರಬೇಕು.